ನಕ್ಷೆಯ ಖಾಲಿ ಜಾಗ: ನೊರಜು, ಕುರಿ ಮತ್ತು ನಾವು



ಈ ಬಾರಿಯ ಪ್ರಧಾನ ಭಾಷಣ ನೀವೇ ಮಾಡಬೇಕು ಎಂದು ಸಂಘದ ಗೆಳೆಯರು ಫೋನ್ ಮಾಡಿ, ವಿಷಯ ಯಾವುದು ಎಂದು ಕೇಳಿದರು. 'ನೊರಜು' ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, 'ಸರ್, ನೆಟ್‌ವರ್ಕ್ ಸರಿಯಿಲ್ಲ, ಇನ್ನೊಂದ್ಸಲ ಹೇಳಿ' ಎಂದರು. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ನಾನು ಮಾತಾಡಬೇಕೆಂದಿದ್ದು ನೊರಜಿನ ಬಗ್ಗೆಯೇ.

ನಾನು ಪಶುವೈದ್ಯ. ಹೆಬ್ಬಾಳದಲ್ಲಿ ಓದಿ, ಈಗಿನ ವಿಜಯನಗರ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಕತಾರಿಗೆ ಬಂದವನು. ಈ ಸಭೆಯಲ್ಲಿ ಇಜ್ಬಾಗಳಲ್ಲಿ ಕುರಿ, ಮೇಕೆ, ಒಂಟೆ ನೋಡಿಕೊಳ್ಳುವವರಿದ್ದೀರಿ. ಕುದುರೆ ಲಾಯದಲ್ಲಿ ಕೆಲಸ ಮಾಡುವವರಿದ್ದೀರಿ, ತೋಟಕ್ಕೆ ನೀರು ಹಾಯಿಸುವವರಿದ್ದೀರಿ. ಇವರಿಗಿಂತ ಹೆಚ್ಚು ಸಂಖ್ಯೆಯಲ್ಲಿರುವವರು ಇನ್ನೊಂದು ಗುಂಪಿನವರು: ಇಲ್ಲಿ ಕಟ್ಟಡ ಕೆಲಸವನ್ನೋ ಡ್ರೈವಿಂಗನ್ನೋ ಮಾಡಿ, ಉಳಿಸಿದ ರಿಯಾಲಿನಲ್ಲಿ ಊರಲ್ಲಿ ಅಣ್ಣನ ಕೈಗೋ ಹೆಂಡತಿಯ ಕೈಗೋ ಹತ್ತಿಪ್ಪತ್ತು ಕುರಿ ಕೊಡಿಸಿದವರು. ಈ ಮಾತು ಮುಖ್ಯವಾಗಿ ನಿಮಗಾಗಿ. ಕುರಿ ಎಂದರೆ ನಮಗೆ ನಡೆದಾಡುವ ಬ್ಯಾಂಕು. ಆ ಬ್ಯಾಂಕನ್ನು ಒಂದೇ ತಿಂಗಳಲ್ಲಿ ಮುಚ್ಚಿಸಬಲ್ಲ ಹುಳವೊಂದಿದೆ. ಅದು ಎಲ್ಲಿದೆ ಎಂದು ನಕ್ಷೆ ಮಾಡುವುದು ಹೇಗೆ, ಆ ನಕ್ಷೆಯನ್ನು ಎಷ್ಟು ನಂಬಬೇಕು ಎಂಬುದೇ ಇವತ್ತಿನ ವಿಷಯ.

ಒಂದು ಕಾರ್ತಿಕ ಮಾಸ

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ದೀಪಾವಳಿ ಕಳೆದಿತ್ತು. ಆ ವರ್ಷ ಹಿಂಗಾರು ಚೆನ್ನಾಗಿ ಬಿದ್ದಿತ್ತು, ಕೆರೆಕಟ್ಟೆಗಳಲ್ಲಿ ನೀರಿತ್ತು. ಒಂದು ಬೆಳಿಗ್ಗೆ ಕುರಿ ಕಾಯುವ ಅಜ್ಜನೊಬ್ಬ ಆಸ್ಪತ್ರೆಗೆ ಬಂದ. 'ಸರ, ಐದಾರು ಕುರಿ ಮೂತಿ ಉಬ್ಬಿಸಿಕೊಂಡಾವ. ಜೊಲ್ಲು ಸುರಸ್ತಾವ. ಎರಡು ಕುಂಟ್ತಾವ' ಎಂದ.

ನಮ್ಮ ಗೋಡೆಯ ಮೇಲೊಂದು ನಕ್ಷೆ ತೂಗುಹಾಕಿತ್ತು. ಯಾವ ರೋಗ ಯಾವ ತಾಲ್ಲೂಕಿನಲ್ಲಿ ಕಂಡಿದೆಯೋ ಅಲ್ಲಿಗೆ ಬಣ್ಣ. ನೀಲಿನಾಲಿಗೆ ರೋಗದ ಸಾಲಿನಲ್ಲಿ ನಮ್ಮ ತಾಲ್ಲೂಕು ಬಿಳಿಯಾಗಿತ್ತು. ಜೊಲ್ಲು ಇದೆ, ಕುಂಟುತ್ತಿವೆ, ಹಾಗಾದರೆ ಕಾಲುಬಾಯಿ ಜ್ವರ ಎಂದು ನಾನು ತೀರ್ಮಾನಿಸಿದೆ. ಬಾಯಿ ತೊಳೆಯಲು ಔಷಧಿ ಕೊಟ್ಟೆ, ಇಂಜೆಕ್ಷನ್ ಕೊಟ್ಟೆ. ಕಾಲುಬಾಯಿ ಮುಟ್ಟಿದರೆ ಅಂಟುವ ರೋಗ, ಅದಕ್ಕೇ ಬಾಧೆಯಾದ ಕುರಿಗಳನ್ನು ಹಿಂಡಿನಿಂದ ಬೇರೆ ಕಟ್ಟು ಎಂದೆ. ಅಜ್ಜ ಹೇಳಿದಂತೆ ಮಾಡಿದ. ಕೆರೆಯಂಗಳದಲ್ಲಿ ಎಮ್ಮೆ ದನ ಕಟ್ಟುವ ಕೊಟ್ಟಿಗೆಯ ಪಕ್ಕದಲ್ಲಿ ಅವನ್ನು ಕಟ್ಟಿದ. ನಾನೇ ನೋಡಿ ಸರಿಯಿದೆ ಎಂದೆ.

ಆ ಊರಿನಲ್ಲಿ ನೊರಜು ಹುಟ್ಟುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಇದು ನನಗೆ ತಿಳಿದದ್ದು ಆಮೇಲೆ. ರೋಗವಿದ್ದ ಕುರಿಗಳ ರಕ್ತ ಕುಡಿದ ಹುಳಗಳು ಕೆಲವೇ ದಿನಗಳಲ್ಲಿ ಉಳಿದ ಕುರಿಗಳನ್ನು ಕಚ್ಚಿದವು. ಮೂರು ವಾರದೊಳಗೆ ಅಜ್ಜನ ಹಿಂಡು ಅರ್ಧಕ್ಕಿಳಿಯಿತು. ಆಗ ಬೆಂಗಳೂರಿನ ಪ್ರಯೋಗಾಲಯಕ್ಕೆ ರಕ್ತ ಕಳಿಸಿದೆ. ಬಂದ ಉತ್ತರ: ನೀಲಿನಾಲಿಗೆ. ನಕ್ಷೆಯಲ್ಲಿ ನಮ್ಮ ತಾಲ್ಲೂಕಿಗೂ ಬಣ್ಣ ಬಂತು.

ಅಜ್ಜನಿಗೆ ಅದನ್ನು ಹೇಳಿದೆ. ಅವನ ಮಗ ಆಗ ಗಲ್ಫಿನಲ್ಲಿ ಗಾರೆ ಕೆಲಸದಲ್ಲಿದ್ದ. ಸತ್ತ ಕುರಿಗಳಲ್ಲಿ ಬಹಳಷ್ಟು ಅವನು ಕಳಿಸಿದ ದುಡ್ಡಿನವು. ಅಜ್ಜ ಸಿಟ್ಟು ಮಾಡಲಿಲ್ಲ. 'ಆ ಬಣ್ಣ ಮೊದಲೇ ಹಚ್ಚಿದ್ರ ನನ್ನ ಕುರಿ ಉಳೀತಿದ್ವೇನ್ ಸರ?' ಎಂದು ಮಾತ್ರ ಕೇಳಿದ. ನಾನು ಉತ್ತರ ಕೊಡಲಿಲ್ಲ. ಇವತ್ತು ನಾನು ಹೇಳುವುದೆಲ್ಲ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಯಾವ ನೊರಜು?

ಸಂಜೆ ಹೊತ್ತು ದೀಪಕ್ಕೆ ಮುತ್ತುವ, ಕಣ್ಣಿನ ಮುಂದೆ ಸುತ್ತುವ ಸಣ್ಣ ಹುಳಗಳನ್ನೆಲ್ಲ ನಾವು ನೊರಜು ಎನ್ನುತ್ತೇವೆ. ಕೆಲವು ಕಡೆ ನುಸಿ ಎಂದೂ ಕರೆಯುತ್ತಾರೆ, ಆದರೆ ತೆಂಗಿನ ನುಸಿ ಬೇರೆ, ಇದು ಬೇರೆ. ಅವುಗಳಲ್ಲಿ ಹೆಚ್ಚಿನವು ಕಚ್ಚುವುದಿಲ್ಲ. ಕಚ್ಚುವ ಒಂದು ಕುಲವಿದೆ, ವಿಜ್ಞಾನಿಗಳು ಅದಕ್ಕೆ ಕ್ಯುಲಿಕಾಯ್ಡಿಸ್ ಎನ್ನುತ್ತಾರೆ. ಉದ್ದ ಒಂದರಿಂದ ಮೂರು ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನ ಆಸುಪಾಸು. ಸೊಳ್ಳೆ ಪರದೆಯ ಕಣ್ಣಿನಲ್ಲಿ ಸುಲಭವಾಗಿ ನುಸುಳುತ್ತದೆ. ಪ್ರಪಂಚದಲ್ಲಿ ಇದರ 1,300ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ರೋಗ ಹರಡುವುದರಲ್ಲಿ ಪಾಲಿರುವವು ಅದರಲ್ಲಿ ಕೆಲವೇ ಕೆಲವು.

ಸೊಳ್ಳೆಯಂತೆ ಇದರಲ್ಲೂ ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು. ಆದರೆ ಸೊಳ್ಳೆಗೆ ನಿಂತ ನೀರು ಬೇಕು, ಇದಕ್ಕೆ ಬೇಕಾದದ್ದು ಒದ್ದೆ ಮಣ್ಣು. ಸಗಣಿ, ಗಂಜಲ ಬೆರೆತ ಕೆಸರು, ಸೋರುವ ತೊಟ್ಟಿಯ ಬುಡ, ಕೆರೆಯಂಚಿನ ಹಸಿ ನೆಲ, ಕಾಲುವೆ ಬದಿ, ಇವೆಲ್ಲ ಅದರ ತವರು. ಕ್ಯುಲಿಕಾಯ್ಡಿಸ್ ಇಮಿಕೋಲಾ ಎಂಬ ಜಾತಿ ಆಫ್ರಿಕಾದಿಂದ ಅರೇಬಿಯ, ಭಾರತದವರೆಗೂ ಹರಡಿದೆ. ಅದರ ಕೋಶಾವಸ್ಥೆಯ ಮರಿ ನೀರಿನಲ್ಲಿ ತೇಲಲಾರದು, ಮುಳುಗಿ ಸಾಯುತ್ತದೆ. ಹಾಗಾಗಿ ಅದಕ್ಕೆ ತುಂಬಿದ ಹೊಂಡವೂ ಬೇಡ, ಒಣ ಮರಳೂ ಬೇಡ. ಯಾವಾಗಲೂ ತುಸು ಹಸಿಯಾಗಿರುವ ಕೊಳಕು ನೆಲ ಸಾಕು. ಇದನ್ನು ನೆನಪಿಟ್ಟುಕೊಳ್ಳಿ, ಕತಾರಿನ ಮಾತು ಬಂದಾಗ ಬೇಕಾಗುತ್ತದೆ.

ಅದು ಹೊತ್ತು ಮುಳುಗುವಾಗ, ಹೊತ್ತು ಮೂಡುವಾಗ ಹೆಚ್ಚು ಹಾರುತ್ತದೆ. ರೆಕ್ಕೆಗೆ ಶಕ್ತಿ ಕಡಿಮೆ, ಗಾಳಿ ಜೋರಾದರೆ ಹಾರಾಟ ನಿಲ್ಲುತ್ತದೆ. ತಾನಾಗಿ ಹೋಗುವುದು ಸಾಮಾನ್ಯವಾಗಿ ಕೆಲವು ನೂರು ಮೀಟರಿನಿಂದ ಒಂದೆರಡು ಕಿಲೋಮೀಟರ್. ಆದರೆ ಮೇಲಿನ ಗಾಳಿಗೆ ಸಿಕ್ಕಿಬಿಟ್ಟರೆ ಸಮುದ್ರದ ಮೇಲೆ ನೂರಾರು ಕಿಲೋಮೀಟರ್ ಸಾಗಿಬಿಡಬಲ್ಲದು.

ಅದು ಹೊರುವ ವೈರಸ್ಸುಗಳಲ್ಲಿ ನಮಗೆ ಮುಖ್ಯವಾದವು ಎರಡು. ಒಂದು ಕುರಿಯ ನೀಲಿನಾಲಿಗೆ. ಜ್ವರ, ಮೂತಿ ತುಟಿ ಊತ, ಜೊಲ್ಲು, ಮೂಗಿನಲ್ಲಿ ಸಿಂಬಳ ಒಣಗಿ ಗಟ್ಟಿಯಾಗುವುದು, ಗೊರಸಿನ ಮೇಲಂಚು ಕೆಂಪಾಗಿ ಕುಂಟುವುದು, ಕೆಲವದರಲ್ಲಿ ಕತ್ತು ಒಂದು ಕಡೆ ತಿರುಚಿಕೊಳ್ಳುವುದು. ನಾಲಿಗೆ ನೀಲಿಯಾಗಲೇಬೇಕು ಎಂದೇನಿಲ್ಲ; ಹೆಸರು ನೋಡಿ ಮೋಸ ಹೋಗಬೇಡಿ. ದನ ಎಮ್ಮೆಗಳಿಗೂ ಸೋಂಕು ತಗಲುತ್ತದೆ, ಆದರೆ ಬಹಳ ಸಲ ಹೊರಗೆ ಏನೂ ಕಾಣುವುದಿಲ್ಲ. ವಾರಗಟ್ಟಲೆ ರಕ್ತದಲ್ಲಿ ವೈರಸ್ ಇಟ್ಟುಕೊಂಡು ಆರಾಮವಾಗಿ ಮೆಲುಕು ಹಾಕುತ್ತಿರುತ್ತವೆ. ಎರಡನೆಯದು ಕುದುರೆಗಳ ಆಫ್ರಿಕನ್ ಹಾರ್ಸ್ ಸಿಕ್ನೆಸ್. ಹಿಂದೆ ಸೋಂಕು ತಗಲದ ಕುದುರೆಗಳಿಗೆ ಬಂದರೆ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಸಾಯಬಹುದು. ನೀಲಿನಾಲಿಗೆ ಮನುಷ್ಯರಿಗೆ ಬರುವ ರೋಗವಲ್ಲ, ಆ ಭಯ ಬೇಡ.

ನೀಲಿನಾಲಿಗೆಯನ್ನು ಹೊರುವುದು ಈ ನೊರಜು ಎಂದು ತೋರಿಸಿಕೊಟ್ಟದ್ದು 1944ರಲ್ಲಿ, ದಕ್ಷಿಣ ಆಫ್ರಿಕದ ವಿಜ್ಞಾನಿ ಡು ಟಾಯ್ಟ್. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1964ರಲ್ಲಿ, ಮಹಾರಾಷ್ಟ್ರದಿಂದ.

ಬೆಳಕಿನ ಬಲೆ

ಇಷ್ಟು ಸಣ್ಣ ಹುಳ ಎಲ್ಲೆಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ? ಉಪಾಯ ಸರಳ. ಒಂದು ಸಣ್ಣ ನೇರಳಾತೀತ ದೀಪ, ಅದರ ಕೆಳಗೊಂದು ಫ್ಯಾನು, ಅದರ ಕೆಳಗೆ ಬಟ್ಟೆಯ ಚೀಲ, ಚೀಲದ ತುದಿಗೊಂದು ಡಬ್ಬಿ. ಡಬ್ಬಿಯಲ್ಲಿ ನೀರು, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಪ್ರಾಣಿಗಳ ಹತ್ತಿರ, ಆಳೆತ್ತರದಲ್ಲಿ ಇದನ್ನು ನೇತುಹಾಕಿ ಸಂಜೆ ಹಚ್ಚಿ, ಬೆಳಿಗ್ಗೆ ಆರಿಸಬೇಕು. ಬೆಳಕಿಗೆ ಬಂದ ಹುಳವನ್ನು ಫ್ಯಾನು ಕೆಳಕ್ಕೆ ಎಳೆದುಕೊಳ್ಳುತ್ತದೆ.

ಕಷ್ಟದ ಕೆಲಸ ಬೆಳಿಗ್ಗೆಯದು. ಡಬ್ಬಿಯಲ್ಲಿ ಪತಂಗ, ಜೀರುಂಡೆ, ಸೊಳ್ಳೆ ಎಲ್ಲ ಇರುತ್ತವೆ. ಅದನ್ನು ಬಿಳಿ ತಟ್ಟೆಗೆ ಸುರಿದು, ನೊರಜನ್ನು ಮಾತ್ರ ಚಿಮಟದಲ್ಲಿ ಎತ್ತಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ರೆಕ್ಕೆಯ ಮೇಲೆ ಬೂದು ಬಿಳಿ ಮಚ್ಚೆಗಳಿರುತ್ತವೆ. ಇಳಕಲ್ ಸೀರೆ ಯಾವುದು, ಮೊಳಕಾಲ್ಮೂರು ಸೀರೆ ಯಾವುದು ಎಂದು ನಮ್ಮ ಹೆಣ್ಣುಮಕ್ಕಳು ಸೆರಗು ನೋಡಿ ಹೇಳುವಂತೆ, ಬಲ್ಲವರು ಆ ಮಚ್ಚೆ ನೋಡಿ ಜಾತಿ ಹೇಳುತ್ತಾರೆ. ಅನುಮಾನ ಬಂದರೆ ಈಗ ಡಿಎನ್‌ಎ ಪರೀಕ್ಷೆಯೂ ಇದೆ.

ಇನ್ನೊಂದು ಗುಟ್ಟಿದೆ. ಒಮ್ಮೆ ಮೊಟ್ಟೆ ಇಟ್ಟ ಹೆಣ್ಣಿನ ಹೊಟ್ಟೆಯಲ್ಲಿ ಕೆನ್ನೀಲಿ ಮಿಶ್ರಿತ ಕೆಂಪು ಬಣ್ಣ ಉಳಿಯುತ್ತದೆ. ಹಾಗೆಂದರೆ ಅದು ಹಿಂದೆ ಒಂದು ಸಲ ರಕ್ತ ಕುಡಿದಿದೆ, ಈಗ ಎರಡನೆಯ ಊಟಕ್ಕೆ ಬಂದಿದೆ. ರೋಗ ದಾಟಿಸುವುದು ಈ ಎರಡನೆಯ ಊಟ. ಅದಕ್ಕೇ ಎಷ್ಟು ಹುಳ ಬಿದ್ದವು ಎನ್ನುವುದರ ಜೊತೆಗೆ, ಅದರಲ್ಲಿ ಎಷ್ಟು ಹಳೆಯವು ಎಂದೂ ಎಣಿಸುತ್ತಾರೆ. ನೊರಜು ಬದುಕುವುದು ಎರಡು ಮೂರು ವಾರ ಅಷ್ಟೇ. ಕುಡಿದ ವೈರಸ್ ಅದರ ಒಡಲಲ್ಲಿ ಬೆಳೆದು ಎಂಜಲಿಗೆ ಬರಲು, ವಾತಾವರಣ 25ರಿಂದ 30 ಡಿಗ್ರಿ ಇದ್ದರೆ, ಹೆಚ್ಚು ಕಡಿಮೆ ಒಂದು ವಾರ ಬೇಕು. ಚಳಿ ಜಾಸ್ತಿಯಾದರೆ ಬೆಳೆಯುವುದೇ ನಿಂತುಹೋಗುತ್ತದೆ. ಹುಳವಿದ್ದ ಮಾತ್ರಕ್ಕೆ ರೋಗವಿಲ್ಲ ಎನ್ನುವುದು ಇದಕ್ಕೇ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಸಂಶೋಧಕರು ಕರ್ನಾಟಕದ ಬೇರೆ ಬೇರೆ ಜಿಲ್ಲೆಗಳಲ್ಲಿ ಇಂಥ ಬಲೆಗಳನ್ನು ಇಟ್ಟು ಹುಳ ಹಿಡಿದಿದ್ದಾರೆ. ಆಕ್ಸಿಸ್ಟೋಮಾ, ಪೆರೆಗ್ರಿನಸ್, ಇಮಿಕೋಲಾ, ಹೀಗೆ ರೋಗಕ್ಕೆ ಸಂಬಂಧಪಟ್ಟ ಜಾತಿಗಳು ನಮ್ಮ ಕೊಟ್ಟಿಗೆಗಳ ಸುತ್ತಲೇ ಸಿಕ್ಕಿವೆ.

ಚುಕ್ಕೆಯಿಂದ ಬಣ್ಣಕ್ಕೆ

ಬಲೆಯಿಂದ ಸಿಗುವುದು ಒಂದು ಚುಕ್ಕೆ: ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಜಾತಿ, ಇಷ್ಟು ಹುಳ. ನಕ್ಷೆ ಬೇಕಾದರೆ ಚುಕ್ಕೆಗಳ ನಡುವಿನ ಜಾಗ ತುಂಬಬೇಕು. ಎಲ್ಲ ಊರಿಗೂ ಬಲೆ ಹಾಕಲು ಯಾವ ಸರ್ಕಾರದಿಂದಲೂ ಆಗದು. ಹಾಗಾಗಿ ವಿಜ್ಞಾನಿಗಳು ಹುಳ ಸಿಕ್ಕ ಜಾಗಗಳು ಹೇಗಿವೆ ಎಂದು ನೋಡುತ್ತಾರೆ. ಅಲ್ಲಿ ಶಾಖ ಎಷ್ಟು, ಮಳೆ ಎಷ್ಟು, ಮಣ್ಣಿನ ತೇವ ಎಷ್ಟು, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟು, ದನಕುರಿ ಎಷ್ಟು. ಆಮೇಲೆ ಕಂಪ್ಯೂಟರ್ ಅಂಥದೇ ಗುಣಗಳಿರುವ ಬೇರೆ ಜಾಗಗಳನ್ನು ಹುಡುಕಿ, ಇಲ್ಲೂ ಹುಳ ಇರುವ ಸಾಧ್ಯತೆ ಇಷ್ಟು ಎಂದು ಬಣ್ಣ ಹಚ್ಚುತ್ತದೆ. ಹಳೆಯ ಕುರಿಗಾಹಿ ದೂರದಿಂದ ಹೊಲ ನೋಡಿ, ಅಲ್ಲಿ ಮೇವಿದೆ ಎಂದು ಊಹಿಸುತ್ತಾನಲ್ಲ, ಅದೇ ಕೆಲಸ.

ಈ ಊಹೆಯಲ್ಲಿ ಒಂದು ದೊಡ್ಡ ಗುಂಡಿ ಇದೆ. ನಮಗೆಲ್ಲ ಗೊತ್ತಿರುವ ಉದಾಹರಣೆ ಕೊಡುತ್ತೇನೆ. ದೋಹಾದಲ್ಲಿ ಕನ್ನಡಿಗರು ಎಲ್ಲೆಲ್ಲಿದ್ದಾರೆ ಎಂದು ಒಬ್ಬರು ನಕ್ಷೆ ಮಾಡಲು ಹೊರಟರು ಎನ್ನಿ. ಶುಕ್ರವಾರ ಬೆಳಿಗ್ಗೆ ಇಡ್ಲಿ ದೋಸೆ ಸಿಗುವ ಹೋಟೆಲುಗಳ ಮುಂದೆ ನಿಂತು ಎಣಿಸಿದರು. ನಕ್ಷೆ ಚೆನ್ನಾಗಿಯೇ ಬಂತು. ಆದರೆ ಶುಕ್ರವಾರವೂ ರಜೆ ಸಿಗದವನು ಅದರಲ್ಲಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದವನು ಅದರಲ್ಲಿಲ್ಲ. ಮರುಭೂಮಿಯ ಇಜ್ಬಾದಲ್ಲಿ ಒಂಟೆ ಜೊತೆ ಒಬ್ಬನೇ ಇರುವವನು ಇಲ್ಲವೇ ಇಲ್ಲ. ಆ ನಕ್ಷೆ ತೋರಿಸುವುದು ಕನ್ನಡಿಗರು ಎಲ್ಲಿದ್ದಾರೆ ಎಂಬುದನ್ನಲ್ಲ; ಎಣಿಸುವವರು ಎಲ್ಲಿ ನಿಂತಿದ್ದರು ಎಂಬುದನ್ನು.

ಹುಳದ ನಕ್ಷೆಯೂ ಹಾಗೆಯೇ. ಬಲೆಗಳು ಹೆಚ್ಚಾಗಿ ಇರುವುದು ಸಂಶೋಧನಾ ಕೇಂದ್ರದ ಹತ್ತಿರ, ಜೀಪು ಹೋಗುವ ರಸ್ತೆಯ ಬದಿ, ಕರೆಂಟ್ ಇರುವ ಕಡೆ. ಚುಕ್ಕೆ ಇಲ್ಲದ ಕಡೆ ಹುಳ ಇಲ್ಲದೆಯೂ ಇರಬಹುದು, ಯಾರೂ ನೋಡದೆಯೂ ಇರಬಹುದು. ಇವೆರಡಕ್ಕೂ ನಕ್ಷೆಯ ಮೇಲೆ ಒಂದೇ ಬಣ್ಣ: ಬಿಳಿ. ನಾನು ಆ ಕಾರ್ತಿಕದಲ್ಲಿ ಮಾಡಿದ ತಪ್ಪು ಇದೇ. 'ಯಾರೂ ನೋಡಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಿಕೊಂಡೆ.

ದೊಡ್ಡವರೂ ಎಡವಿದ್ದಾರೆ

ಇದು ಹಳ್ಳಿಯ ಹೊಸ ಡಾಕ್ಟರು ಮಾತ್ರ ಮಾಡುವ ತಪ್ಪೇನಲ್ಲ. 1998ರಿಂದ ನೀಲಿನಾಲಿಗೆ ಯುರೋಪಿನ ದಕ್ಷಿಣದ ದೇಶಗಳಿಗೆ ಮತ್ತೆ ಮತ್ತೆ ಬರತೊಡಗಿತು. ಅಲ್ಲಿನವರು ಇಮಿಕೋಲಾ ಎಲ್ಲಿಯವರೆಗೆ ಹರಡಿದೆ, ಇನ್ನೆಷ್ಟು ಉತ್ತರಕ್ಕೆ ಹೋಗಬಹುದು ಎಂದು ಒಳ್ಳೊಳ್ಳೆಯ ನಕ್ಷೆಗಳನ್ನು ಮಾಡಿದರು. 2006ರ ಆಗಸ್ಟ್‌ನಲ್ಲಿ ರೋಗ ಕಾಣಿಸಿಕೊಂಡದ್ದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಸುತ್ತಮುತ್ತ. ಬೆನ್ನಿಗೇ ಬೆಲ್ಜಿಯಂ, ಜರ್ಮನಿ. ಇಮಿಕೋಲಾ ಅಲ್ಲಿ ಇರಲೇ ಇಲ್ಲ. ವೈರಸ್ಸನ್ನು ಹೊತ್ತದ್ದು ಅಲ್ಲಿನ ದನದ ಕೊಟ್ಟಿಗೆಗಳಲ್ಲಿ ಮೊದಲಿನಿಂದಲೂ ಇದ್ದ ಸ್ಥಳೀಯ ನೊರಜುಗಳು. ಒಂದು ಜಾತಿಯ ನಕ್ಷೆಯನ್ನು ರೋಗದ ನಕ್ಷೆ ಎಂದುಕೊಂಡದ್ದರ ಫಲ ಅದು.

2020ರ ಮಾರ್ಚ್‌ನಲ್ಲಿ ನಾವೆಲ್ಲ ಕೋವಿಡ್ ಭಯದಲ್ಲಿದ್ದಾಗ, ಥಾಯ್ಲೆಂಡಿನಲ್ಲಿ ಆಫ್ರಿಕನ್ ಹಾರ್ಸ್ ಸಿಕ್ನೆಸ್ ಮೊದಲ ಬಾರಿ ಕಾಣಿಸಿಕೊಂಡು ನೂರಾರು ಕುದುರೆಗಳು ಸತ್ತವು. ಆಗ್ನೇಯ ಏಷ್ಯಾದ ಆ ಭಾಗದಲ್ಲಿ ಅದಕ್ಕೂ ಮೊದಲು ಈ ರೋಗದ ಹೆಸರೇ ಇರಲಿಲ್ಲ.

ನಾವಿರುವ ಈ ನೆಲ

ಈಗ ಕತಾರ್. ಇಲ್ಲಿ ವರ್ಷದ ಮಳೆ ಸರಾಸರಿ ನೂರು ಮಿಲಿಮೀಟರ್ ಮುಟ್ಟುವುದಿಲ್ಲ. ನಮ್ಮ ಕೂಡ್ಲಿಗಿಯಂಥ ಬರದ ತಾಲ್ಲೂಕಿನಲ್ಲೂ ಇದರ ಐದಾರು ಪಟ್ಟು ಬೀಳುತ್ತದೆ. ಮಳೆಯ ಅಂಕಿ ಮಾತ್ರ ನೋಡಿ ನಕ್ಷೆ ಮಾಡಿದರೆ ಕತಾರ್ ಪೂರ್ತಿ ಬಿಳಿ.

ಆದರೆ ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರ ತೆರೆದು ನೈಋತ್ಯ ಮೂಲೆಯ ಇರ್ಕಾಯಾ ಕಡೆ ನೋಡಿ. ಮರಳಿನ ನಡುವೆ ಬಳೆ ಜೋಡಿಸಿಟ್ಟಂತೆ ಹಸಿರು ವೃತ್ತಗಳು ಕಾಣುತ್ತವೆ. ಶುದ್ಧೀಕರಿಸಿದ ಕೊಳಚೆ ನೀರಿನಲ್ಲಿ ಜಾನುವಾರುಗಳಿಗೆ ಮೇವು ಬೆಳೆಯುವ ಜಾಗ ಅದು. ಉತ್ತರದ ತೋಟಗಳಲ್ಲಿ ಕುದುರೆಮೆಂತೆ, ರೋಡ್ಸ್ ಹುಲ್ಲು. 2017ರ ದಿಗ್ಬಂಧನದ ನಂತರ ವಿಮಾನದಲ್ಲಿ ಹಸುಗಳನ್ನು ತಂದು, ಈ ಮರುಭೂಮಿಯಲ್ಲಿ ಹಾಲಿನ ಉದ್ಯಮ ಕಟ್ಟಿದ್ದನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ಕುರಿಯ ಇಜ್ಬಾದಲ್ಲಿ ತೊಟ್ಟಿ ತುಂಬಿ ಹರಿಯುತ್ತದೆ, ಪೈಪು ಸೋರುತ್ತದೆ, ಲಾಯ ತೊಳೆದ ನೀರು ಹಿಂದುಗಡೆ ಇಂಗುತ್ತದೆ. ಆಗ ನೆನಪಿಡಿ ಎಂದೆನಲ್ಲ, ಹಸಿ, ಕೊಳಕು ನೆಲ, ಅದು ಇದೇ. ಮಳೆ ಇಲ್ಲದ ದೇಶದಲ್ಲಿ ನೊರಜಿಗೆ ಜಾಗ ಮಾಡಿಕೊಡುವುದು ನಲ್ಲಿ.

ಹಾಗಾದರೆ ಇಲ್ಲಿ ನಕ್ಷೆ ಮಾಡುವ ರೀತಿಯೇ ಬೇರೆಯಾಗಬೇಕು. ಮಳೆಯ ಬದಲು ನೀರಾವರಿಯ ಲೆಕ್ಕ ಬೇಕು. ಜಿಲ್ಲೆಗೊಂದು ಬಣ್ಣ ಹಚ್ಚಿದರೆ ಸಾಲದು, ಒಂದೊಂದು ತೋಟ, ಒಂದೊಂದು ತೊಟ್ಟಿಯ ಮಟ್ಟಕ್ಕೆ ಇಳಿಯಬೇಕು. ಎರಡು ಇಜ್ಬಾಗಳ ನಡುವೆ ಮೂರು ಕಿಲೋಮೀಟರ್ ಒಣ ಮರಳಿದ್ದರೆ, ನೊರಜಿಗೆ ಅದು ಸಮುದ್ರ. ಆದರೆ ಕುರಿ ಲಾರಿಯಲ್ಲಿ ಹೋಗುತ್ತದೆ, ಆ ಸಮುದ್ರವನ್ನು ನಾವೇ ದಾಟಿಸುತ್ತೇವೆ. ಋತುವೂ ತಿರುಗುಮುರುಗು. ಊರಿನಲ್ಲಿ ಮಳೆ ಹಿಂದೆಯೇ ರೋಗ ಬರುತ್ತದೆ. ಇಲ್ಲಿ ಜುಲೈನ ಬಿಸಿಲು ಹುಳಕ್ಕೂ ಹೆಚ್ಚು. ಹಿತವಾದ ಶಾಖವಿರುವ ವಸಂತ ಮತ್ತು ಶರತ್ಕಾಲದ ಸಂಜೆಗಳಲ್ಲಿ ಹೆಚ್ಚು ಎಚ್ಚರ ಬೇಕು.

ಅರೇಬಿಯ ಪರ್ಯಾಯ ದ್ವೀಪದ ಕ್ಯುಲಿಕಾಯ್ಡಿಸ್‌ಗಳ ಬಗ್ಗೆ ಬ್ರಿಟನ್ನಿನ ಕೀಟತಜ್ಞ ಬೂರ್ಮನ್ 1989ರಲ್ಲಿ ದೊಡ್ಡದೊಂದು ಅಧ್ಯಯನ ಪ್ರಕಟಿಸಿದರು. ಮರುಭೂಮಿಯಲ್ಲಿ ನೊರಜೇ ಎಂದು ನಗುವವರಿಗೆ ಅದೇ ಉತ್ತರ. ಇತಿಹಾಸವೂ ಇದೆ. ಕುದುರೆಗಳ ಆ ರೋಗದ ಅತಿ ಹಳೆಯ ಉಲ್ಲೇಖ ಎಂದು ಹೇಳುವುದು ಇದೇ ಪರ್ಯಾಯ ದ್ವೀಪದ ಯೆಮೆನ್‌ನಿಂದ, 1327ರದು. 1959ರಿಂದ 1961ರ ನಡುವೆ ಅದು ಇರಾನ್, ಇರಾಕ್, ಸಿರಿಯಾ, ತುರ್ಕಿಯಿಂದ ಹಿಡಿದು ಪಾಕಿಸ್ತಾನ, ಭಾರತದವರೆಗೂ ಹಬ್ಬಿ 3 ಲಕ್ಷಕ್ಕೂ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಕೊಂದಿತು. ಒಂದೇ ಅಲೆ, ನಾವು ಇರುವ ಈ ಪ್ರದೇಶವನ್ನೂ ನಾವು ಬಿಟ್ಟುಬಂದ ದೇಶವನ್ನೂ ಮುಟ್ಟಿತು. ಈಗ ಭಾರತವೂ ಕತಾರೂ ಆ ರೋಗದಿಂದ ಮುಕ್ತ ದೇಶಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿವೆ. ಅಲ್ ಶಕಬ್‌ನಂಥ ಕಡೆ ಹೊರದೇಶದ ಕುದುರೆಗಳು ಸ್ಪರ್ಧೆಗೆ ಬಂದು ಹೋಗುತ್ತವೆ ಎಂದರೆ ಅದರ ಹಿಂದೆ ಈ ಪಟ್ಟಿ ಇದೆ. ಅದನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಲಾಯದ ನೆಲ ಒಣಗಿಸಿಡುವ ಹುಡುಗನ ಪಾಲೂ ಇದೆ.

ಊರಿನಲ್ಲಿ ಈಗ ಏನಿದೆ

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ನಾವೇ. ನೀಲಿನಾಲಿಗೆ ಹೆಚ್ಚು ಕಾಡುವುದೂ ಈ ದಕ್ಷಿಣದ ರಾಜ್ಯಗಳನ್ನೇ. ಅಜ್ಜನ ಕಾಲಕ್ಕಿಂತ ಈಗ ಪರಿಸ್ಥಿತಿ ಸುಧಾರಿಸಿದೆ.

ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಪಶುರೋಗಗಳ ಮಾಹಿತಿ ಕೂಡಿಸುವುದೇ ಅದರ ಕೆಲಸ. ಹಿಂದಿನ ರೋಗದ ವರದಿ, ಹವಾಮಾನ, ಜಾನುವಾರು ಸಂಖ್ಯೆ ಎಲ್ಲ ಸೇರಿಸಿ, ಯಾವ ಜಿಲ್ಲೆಗೆ ಯಾವ ರೋಗದ ಅಪಾಯ ಎಷ್ಟು ಎಂದು ಅವರು ಎರಡು ತಿಂಗಳು ಮುಂಚಿತವಾಗಿ ತಿಳಿಸುತ್ತಾರೆ. ಆ ಪಟ್ಟಿಯಲ್ಲಿ ನೀಲಿನಾಲಿಗೆಯೂ ಸೇರಿದೆ. ಇದು ಹುಳದ, ಹವೆಯ, ಹಿಂಡಿನ ಮೂರು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಕೆಲಸ.

ಲಸಿಕೆಯೂ ಇದೆ. ಈ ವೈರಸ್ಸಿನ ಇಪ್ಪತ್ತಕ್ಕೂ ಹೆಚ್ಚು ಬಗೆಗಳು ಭಾರತದಲ್ಲಿ ಕಂಡಿವೆ. ಅವುಗಳಲ್ಲಿ ಮುಖ್ಯವಾದ ಐದನ್ನು ತಡೆಯುವ ಲಸಿಕೆ 2015ರಲ್ಲಿ ಬಂತು. ಎಲ್ಲ ಬಗೆಯನ್ನೂ ಅದು ತಡೆಯುವುದಿಲ್ಲ. ಆದ್ದರಿಂದ ಯಾವ ಊರಿನಲ್ಲಿ ಯಾವ ಬಗೆ ಓಡಾಡುತ್ತಿದೆ ಎಂಬ ನಕ್ಷೆ ಇಲ್ಲದೆ ಲಸಿಕೆಯೂ ಕುರುಡು.

ಮುಂದಿನ ಸಲ ಮನೆಗೆ ವಿಡಿಯೋ ಕಾಲ್ ಮಾಡಿದಾಗ ಇಷ್ಟು ಹೇಳಿ. ಮಳೆಗಾಲಕ್ಕೆ ಮುಂಚೆಯೇ ಪಶುವೈದ್ಯರನ್ನು ಕಂಡು ಲಸಿಕೆ ವಿಚಾರಿಸಲಿ. ಸಂಜೆ ಹೊತ್ತು ಮುಳುಗುವ ಮುಂಚೆ ಕುರಿಗಳನ್ನು ಒಳಗೆ ಸೇರಿಸಲಿ. ಹಟ್ಟಿಯ ನೆಲ ಒಣಗಿರಲಿ, ತಿಪ್ಪೆ ದೂರ ಇರಲಿ. ಕೆರೆ ಪಕ್ಕ, ಕೆಸರಿನ ಕೊಟ್ಟಿಗೆಯ ಪಕ್ಕ ಕಟ್ಟುವುದು ಬೇಡ. ಮೂತಿ ಉಬ್ಬಿ ಕುಂಟಿದರೆ ಹಿರೇಬ್ಯಾನೆ, ಕಾಲುಬಾಯಿ ಎಂದು ತಾವೇ ಹೆಸರಿಡದೆ 1962ಕ್ಕೆ ಫೋನ್ ಮಾಡಲಿ. ಅದು ಪಶುಚಿಕಿತ್ಸೆಯ ಸಂಚಾರಿ ವಾಹನದ ನಂಬರು. ರಕ್ತ ಪರೀಕ್ಷೆಗೆ ಹೋಗಲೇಬೇಕು ಎಂದು ಹಟ ಹಿಡಿಯಲಿ. ಆ ದಿನ ಅಜ್ಜನ ಜಾಗದಲ್ಲಿ ಯಾರಾದರೂ ನನ್ನ ಹತ್ತಿರ ಹಟ ಹಿಡಿದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಇನ್ನೊಂದು ಮಾತು. ಸತ್ತ ಕುರಿಯನ್ನು ಅಪಮಾನವೆಂದು ಸದ್ದಿಲ್ಲದೆ ಹೂತುಬಿಡುವುದು, ಬಾಧೆ ಕಂಡ ಕೂಡಲೇ ಉಳಿದವನ್ನು ಸಂತೆಗೆ ಹೊಡೆಯುವುದು ನಮ್ಮಲ್ಲಿ ವಾಡಿಕೆ. ಹೂತರೆ ಮರಣೋತ್ತರ ಪರೀಕ್ಷೆ ಇಲ್ಲ. ಆ ವರದಿ ಇಲ್ಲದೆ ಅನುಗ್ರಹ ಯೋಜನೆಯ ಪರಿಹಾರವೂ ಇಲ್ಲ. ಸಂತೆಗೆ ಹೊಡೆದರೆ ರೋಗ ಪಕ್ಕದ ತಾಲ್ಲೂಕಿಗೆ. ಎರಡರಲ್ಲೂ ನಕ್ಷೆಯ ಮೇಲೆ ನಿಮ್ಮ ಊರು ಬಿಳಿಯಾಗಿಯೇ ಉಳಿಯುತ್ತದೆ. ಮುಂದಿನ ವರ್ಷ ಬರುವ ಹೊಸ ಡಾಕ್ಟರು ಆ ಬಿಳಿಯನ್ನೇ ನಂಬುತ್ತಾರೆ.

ಇಲ್ಲಿ ನಾವು ಮಾಡಬಹುದಾದದ್ದು

ಇಲ್ಲಿನ ಇಜ್ಬಾಗಳಲ್ಲಿ, ಲಾಯಗಳಲ್ಲಿ ಇರುವ ಗೆಳೆಯರೇ, ನೀವು ದಿನವೂ ಪ್ರಾಣಿಯ ಮೂತಿ ನೋಡುವವರು. ನಾವು ಡಾಕ್ಟರುಗಳು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರುವವರು. ಸೋರುವ ತೊಟ್ಟಿಯನ್ನು ಸರಿಮಾಡಿಸಿ, ತೊಳೆದ ನೀರು ನಿಲ್ಲದಂತೆ ದಾರಿ ಮಾಡಿ. ಲಾಯದಲ್ಲಿ ಸಂಜೆ ಫ್ಯಾನ್ ಹಾಕಿ. ಸೆಖೆಗಷ್ಟೇ ಅಲ್ಲ, ಆ ಗಾಳಿಗೆ ನೊರಜು ಹಾರಲಾರದು. ಕುರಿಯ ತುಟಿ ಊದಿದರೆ, ಕುದುರೆಗೆ ಜ್ವರ ಬಂದು ಕಣ್ಣಿನ ಮೇಲಿನ ಗುಳಿ ಉಬ್ಬಿದರೆ, ಅದೇ ದಿನ ಮಾಲೀಕರಿಗೆ, ಡಾಕ್ಟರಿಗೆ ಹೇಳಿ. ಮೊಬೈಲಿನಲ್ಲಿ ಫೋಟೋ ತೆಗೆದು, ದಿನಾಂಕ ಬರೆದಿಡಿ. ಪುರಸಭಾ ಸಚಿವಾಲಯದ ಪಶುಸಂಪತ್ತು ಇಲಾಖೆಗೆ ಸುದ್ದಿ ಮುಟ್ಟುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ಹೇಳಿದರೆ ನಿನ್ನ ತಪ್ಪು ಎಂದಾರು, ಸಂಬಳ ಹಿಡಿದಾರು ಎಂಬ ಹೆದರಿಕೆ ನನಗೆ ಗೊತ್ತಿದೆ. ಅದು ಸುಳ್ಳು ಹೆದರಿಕೆ ಎಂದು ನಾನು ಹೇಳುವುದಿಲ್ಲ. ಅದಕ್ಕೇ ಮಾಲೀಕರಿಗೂ, ಮ್ಯಾನೇಜರುಗಳಿಗೂ ಈ ವೇದಿಕೆಯಿಂದ ಹೇಳುತ್ತೇನೆ: ನೊರಜು ಕಚ್ಚಿ ಬಂದ ರೋಗಕ್ಕೆ ಕುರಿ ಕಾಯುವವನು ಕಾರಣನಲ್ಲ. ಮೊದಲು ಸುದ್ದಿ ತಂದವನನ್ನು ಬೈದರೆ, ಎರಡನೆಯ ಸುದ್ದಿ ಬರುವುದಿಲ್ಲ.

ಅಜ್ಜ ಈಗಿಲ್ಲ. ಗಲ್ಫಿನಲ್ಲಿದ್ದ ಅವನ ಮಗ ಊರಿಗೆ ಮರಳಿ ಮತ್ತೆ ಕುರಿ ಕಟ್ಟಿದ್ದಾನೆ. ಮಳೆಗಾಲ ಶುರುವಾಗುವ ಮುಂಚೆ ಪ್ರತಿವರ್ಷ ನನಗೊಂದು ಫೋನ್ ಮಾಡುತ್ತಾನೆ, 'ಸರ, ಈ ವರ್ಷ ನಮ್ಮ ಕಡಿ ಹೆಂಗೈತಂತ?' ಎಂದು ಕೇಳುತ್ತಾನೆ. ನಾನು ನಿವೇದಿಯ ಮುನ್ಸೂಚನೆ ನೋಡಿ ಹೇಳುತ್ತೇನೆ. ಹೇಳಿದ ಮೇಲೆ ಒಂದು ಮಾತು ತಪ್ಪದೆ ಸೇರಿಸುತ್ತೇನೆ: 'ಕಡಿಮೆ ಅಪಾಯ ಅಂತ ಬರೆದಿದೆ ಅಂತ ಸುಮ್ಮನಿರಬೇಡಪ್ಪಾ. ಒಂದು ಕುರಿಯ ಮೂತಿ ಊದಿದರೂ ಫೋನ್ ಮಾಡು.'

ಅಜ್ಜ ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ: ಹೌದು ಅಜ್ಜಾ, ಮೊದಲೇ ಬಣ್ಣ ಹಚ್ಚಿದ್ದರೆ ನಿನ್ನ ಕುರಿಗಳಲ್ಲಿ ಬಹಳಷ್ಟು ಉಳಿಯುತ್ತಿದ್ದವು. ಆ ಬಣ್ಣ ಹಚ್ಚಲು ನಿನಗಿಂತ ಮೊದಲು ಕುರಿ ಕಳೆದುಕೊಂಡ ಯಾರೋ ಒಬ್ಬರು ಬಂದು ಹೇಳಬೇಕಿತ್ತು, ನನ್ನಂಥವನೊಬ್ಬ ಕೇಳಿಸಿಕೊಳ್ಳಬೇಕಿತ್ತು.